ಎರಡು ಊರು, ಒಂದೇ ಕೋಡ್

ವಿಜಯಪುರದ ಓದುಗರೊಬ್ಬರ ಪತ್ರ: "ನಾನು ಮತ್ತು ಜಮಖಂಡಿಯ ಗೆಳೆಯ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತೇವೆ. ಕೋಡ್ ಪೆನ್‌ಡ್ರೈವ್‌ನಲ್ಲಿ ಓಡಾಡುತ್ತದೆ. ಮೊನ್ನೆ ಅವನ ಹಳೆ ಫೈಲು ನನ್ನ ಹೊಸದರ ಮೇಲೆ ಕೂತು ನಾಲ್ಕು ದಿನದ ಕೆಲಸ ಹೋಯಿತು. ಆರ್‌ಸಿಂಕ್, ಕ್ಲೌಡ್ ಫೋಲ್ಡರ್, ಗಿಟ್: ಯಾವುದು ಹಿಡಿಯಲಿ?"

ಓದಿ ಹೊಟ್ಟೆ ಚುರ್ ಎಂದಿತು. ನನಗೂ ಹೀಗೆ ಆಗಿದೆ.

ನೀವು ಗಿಟ್ ಹಿಡಿಯಿರಿ. ಅದು ಕೋಡಿನ ಒಂದೊಂದು ಬದಲಾವಣೆಯ ಇತಿಹಾಸವನ್ನೂ ಇಟ್ಟುಕೊಳ್ಳುವ ಸಾಧನ. ಒಬ್ಬರೇ ಬರೆಯುವುದಾದರೆ ನಕಲು ಮಾಡಿಟ್ಟರೆ ಸಾಕಿತ್ತು. ನೀವು ಇಬ್ಬರು ಬರೆಯುತ್ತೀರಿ, ಇಬ್ಬರದನ್ನೂ ಕೂಡಿಸಬೇಕು.

ಆರ್‌ಸಿಂಕ್ ಫೈಲುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವ ಒಳ್ಳೆಯ ಸಾಧನ. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ 1996ರಲ್ಲಿ ಹೊರತಂದರು. ಫೈಲಿನಲ್ಲಿ ಬದಲಾದ ತುಣುಕನ್ನಷ್ಟೇ ಕಳಿಸುವುದರಿಂದ ನೆಟ್ ನಿಧಾನ ಇದ್ದರೂ ನಡೆಯುತ್ತದೆ. ಆದರೆ ಅದು ಹರಿಯುವುದು ಒಂದೇ ದಿಕ್ಕಿಗೆ. ಫೈಲಿನ ಅಳತೆ ಅಥವಾ ಸಮಯ ಬೇರೆ ಕಂಡರೆ ಈ ಕಡೆಯದನ್ನು ಆ ಕಡೆಯದರ ಮೇಲೆ ಬರೆದುಬಿಡುತ್ತದೆ. ಹೊಸದನ್ನು ಮುಟ್ಟಬೇಡ ಎಂದು ಹೇಳುವ ಆಯ್ಕೆಯೂ ಇದೆ. ಆದರೆ ಒಂದೇ ಫೈಲನ್ನು ಇಬ್ಬರೂ ತಿದ್ದಿದ್ದರೆ ಒಬ್ಬರ ಕೆಲಸ ಹೋದಂತೆಯೇ, ಅಲ್ವಾ? ಕ್ಲೌಡ್ ಫೋಲ್ಡರ್ ಇಂಥ ಹೊತ್ತಲ್ಲಿ ಹೆಚ್ಚೆಂದರೆ ಇನ್ನೊಂದು ಪ್ರತಿ ಇಟ್ಟು ಸುಮ್ನಾಗುತ್ತದೆ. ಬದಲಾದ ಸಾಲು ಹುಡುಕುವ ಕೆಲಸ ನಿಮ್ಮದೇ.

ಗಿಟ್ ಅನ್ನು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕೆಲಸಕ್ಕೆಂದೇ ಬರೆದರು. ನೀವಿಬ್ಬರೂ ಎಲ್ಲಿಂದ ಬೇರೆಯಾದಿರೋ ಆ ಹಳೆ ಪ್ರತಿ ಅದಕ್ಕೆ ನೆನಪಿರುತ್ತದೆ. ನೀವು ಫೈಲಿನ ಮೇಲ್ಭಾಗದಲ್ಲಿ ಬಾಕ್ಸಿನ ತೂಕದ ಲೆಕ್ಕ ತಿದ್ದಿದ್ದೀರಿ, ಗೆಳೆಯ ಕೆಳಗೆ ತಿಂಗಳ ಬಾಡಿಗೆ ದರ ತಿದ್ದಿದ್ದಾನೆ ಅನ್ನಿ. ಹಳೆ ಪ್ರತಿ, ನಿಮ್ಮದು, ಅವನದು ಮೂರನ್ನೂ ಹೋಲಿಸಿ ಗಿಟ್ ಎರಡೂ ತಿದ್ದುಪಡಿ ಉಳಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆ ತಿದ್ದಿದ್ದರೆ ಎರಡನ್ನೂ ಗುರುತು ಹಾಕಿ ತೋರಿಸಿ, ನಿಂತು, ನಿಮ್ಮನ್ನೇ ಕೇಳುತ್ತದೆ. ಸಬ್‌ವರ್ಷನ್ ಎಂಬ ಇಂಥದೇ ಇನ್ನೊಂದು ಸಾಧನದಲ್ಲಿ ಕಮಿಟ್ ಮಾಡಲು, ಅಂದರೆ ಬದಲಾವಣೆಯನ್ನು ಇತಿಹಾಸಕ್ಕೆ ಸೇರಿಸಲು, ಸರ್ವರ್ ಸಿಗಲೇಬೇಕು. ಗಿಟ್‌ನಲ್ಲಿ ಇಡೀ ಇತಿಹಾಸ ನಿಮ್ಮ ಯಂತ್ರದಲ್ಲೇ ಇರುತ್ತದೆ, ನೆಟ್ ಹೋದರೂ ಕಮಿಟ್ ನಿಲ್ಲುವುದಿಲ್ಲ.

ಪೆನ್‌ಡ್ರೈವ್ ಬಿಡಬೇಕಿಲ್ಲ. ಅದರಲ್ಲೇ ಒಂದು ಬೇರ್ ರೆಪಾಸಿಟರಿ, ಅಂದರೆ ತಿದ್ದುವ ಫೈಲುಗಳಿಲ್ಲದೆ ಇತಿಹಾಸ ಮಾತ್ರ ಇರುವ ಗಿಟ್ ಸಂಗ್ರಹ, ಮಾಡಿಕೊಳ್ಳಿ. ನಿಮ್ಮ ಕಮಿಟ್‌ಗಳನ್ನು ಅದಕ್ಕೆ ಸೇರಿಸಿ (ಇದೇ ಪುಶ್) ಕೊಟ್ಟುಕಳಿಸಿ, ಅವನು ಜಮಖಂಡಿಯಲ್ಲಿ ಅವನ್ನು ತನ್ನ ಪ್ರತಿಗೆ ಕೂಡಿಸಿಕೊಳ್ಳಲಿ (ಇದೇ ಪುಲ್). ಫೈಲು ಎಳೆದು ಹಾಕುವುದನ್ನು ಮಾತ್ರ ಇಬ್ಬರೂ ಇಂದೇ ನಿಲ್ಲಿಸಿ. ಗಿಟ್ ಫೋಲ್ಡರನ್ನು ಕ್ಲೌಡ್ ಫೋಲ್ಡರಿನೊಳಗೆ ಇಡಬೇಡಿ. ಅರ್ಧಂಬರ್ಧ ಸಿಂಕ್ ಆಗಿ ಅದರ ಒಳಗಿನ ಫೈಲುಗಳು ಕೆಡಬಹುದು. ರಾತ್ರಿ ಇನ್ನೊಂದು ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ತೆಗೆಯಲು ಆರ್‌ಸಿಂಕ್ ಇರಲಿ.

ಇನ್ನು ಹೋದ ನಾಲ್ಕು ದಿನದ ಕೆಲಸ. ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಬರೆಯುತ್ತಿದ್ದರೆ ಆ ಫೈಲು ತೆರೆದು ಅದರ ಟೈಮ್‌ಲೈನ್ ಪಟ್ಟಿ ನೋಡಿ. 2022ರಿಂದ ಅದು ಸೇವ್ ಮಾಡಿದ ಹಳೆ ಪ್ರತಿಗಳನ್ನೂ ಇಟ್ಟುಕೊಳ್ಳುತ್ತದೆ. ಸಿಕ್ಕರೆ ಒಂದು ಸಾಲು ಬರೆಯಿರಿ.