ಎಲ್ಲವೂ ದೇವರ ಕೃಪೆಯೇ ಆದರೆ ಬೈಬಲ್ ಯಾಕೆ ಓದಬೇಕು?

ಕ್ರೈಸ್ತ ನಂಬಿಕೆಯಲ್ಲಿ ಕೃಪೆ ಅಂದರೆ ಸಂಬಳವಲ್ಲ, ಪುಕ್ಕಟೆ ಸಿಗುವ ದಾನ. ಅದು ಮನುಷ್ಯನನ್ನು ತಲುಪುವ ಒಂದು ದಾರಿ ದೇವರ ವಾಕ್ಯ, ಅಂದರೆ ಬೈಬಲ್.

ಮುಂದೆ ದೊಡ್ಡ ಕ್ರೈಸ್ತ ಚಿಂತಕನಾದ ಅಗಸ್ಟೀನನ ಕಥೆ ನೋಡಿ. ಕ್ರಿ.ಶ. 386, ಮಿಲಾನ್ ನಗರ. ಭಾಷಣಕಲೆ ಕಲಿಸುವ ಮೇಷ್ಟ್ರು, ಮಹಾ ಬುದ್ಧಿವಂತ. ಸರಿ ಯಾವುದೆಂದು ಗೊತ್ತು, ಆದರೆ ಹಳೇ ಚಾಳಿ ಬಿಡಲು ಆಗುತ್ತಿಲ್ಲ. ನಮ್ಮದೂ ಅದೇ ಪಾಡು, ಅಲ್ವಾ? ತೋಟದ ಅಂಜೂರದ ಮರದ ಕೆಳಗೆ ಬಿದ್ದು ಅಳುತ್ತಿದ್ದಾಗ ಪಕ್ಕದ ಮನೆ ಕಡೆಯಿಂದ ಮಗುವಿನ ದನಿ ಕೇಳಿಸಿತು: ‘ಎತ್ತಿಕೋ, ಓದು.’ ಹುಡುಗನೋ ಹುಡುಗಿಯೋ ಅವನಿಗೂ ತಿಳಿಯಲಿಲ್ಲ. ಬೈಬಲಿನಲ್ಲಿರುವ ಪೌಲನ ಪತ್ರಗಳನ್ನು ತೆರೆದ. ಕಣ್ಣಿಗೆ ಬಿದ್ದದ್ದು ರೋಮಾಪುರದವರಿಗೆ 13:13-14. ಕುಡಿತ, ಕಾಮ, ಜಗಳ ಬಿಟ್ಟು ಕ್ರಿಸ್ತನನ್ನು ಧರಿಸಿಕೊಳ್ಳಿ ಅನ್ನುವ ಮಾತು. ಅಷ್ಟೇ ಸಾಕಾಯಿತು, ಮುಂದೆ ಓದಲಿಲ್ಲ. 387ರ ಈಸ್ಟರ್‌ನಲ್ಲಿ ಬಿಷಪ್ ಅಂಬ್ರೋಸ್ ಅವನಿಗೆ ದೀಕ್ಷಾಸ್ನಾನ ಕೊಟ್ಟರು.

ಪುಸ್ತಕ ತೆರೆದದ್ದು ಅವನ ಕೈ. ಆದರೆ ಒಳ್ಳೆಯದನ್ನು ಬಯಸುವ ಮನಸ್ಸೂ ದೇವರ ಕೊಡುಗೆಯೇ ಎಂದು ಮುಂದೆ, ಮನುಷ್ಯ ಸ್ವಂತ ಬಲದಿಂದಲೇ ಒಳ್ಳೆಯವನಾಗಬಲ್ಲ ಎನ್ನುತ್ತಿದ್ದ ಪೆಲಾಜಿಯಸ್‌ನ ವಿರುದ್ಧ ವರ್ಷಗಟ್ಟಲೆ ವಾದಿಸಿದ.

ಹಾಗಂತ ಬೈಬಲ್ ಮಂತ್ರದ ತಾಯತವಲ್ಲ. ಹತ್ತೊಂಬತ್ತು ವಯಸ್ಸಿನ ಹೊತ್ತಿಗೆ ಇದೇ ಬೈಬಲ್ ಓದಿ, ರೋಮಿನ ಹೆಸರಾಂತ ವಾಗ್ಮಿ ಸಿಸೆರೋನ ಬರಹದ ಮುಂದೆ ಇದೆಲ್ಲ ಸಪ್ಪೆ ಎಂದು ಮೂಗು ಮುರಿದವನೂ ಇದೇ ಅಗಸ್ಟೀನ್.