ಕಾರ್ಯಾಚರಣೆಯನ್ನು ಲೈವ್ ತೋರಿಸಿದರೆ ತಪ್ಪೇನು ಅಂದಿರಲ್ಲ

ಉಗ್ರರ ವಿರುದ್ಧ ಕಾರ್ಯಾಚರಣೆ ನಡೆಯುವಾಗ ಟಿವಿಯವರು ಲೈವ್ ತೋರಿಸಿದರೆ ತಪ್ಪೇನು, ಜನಕ್ಕೆ ಗೊತ್ತಾಗಬೇಕಲ್ವಾ ಎಂದು ಕೇಳಿದ್ದೀರಿ. ಗೊತ್ತಾಗಬೇಕು, ನಿಜ. ಆದರೆ ಅದೇ ಟಿವಿಯನ್ನು ಬೇರೆ ಯಾರು ನೋಡುತ್ತಿರುತ್ತಾರೆ ಅಂತಲೂ ಯೋಚಿಸಿ.

2008ರ ಮುಂಬೈ ದಾಳಿ ನೆನಪಿದೆಯಲ್ಲ? ನವೆಂಬರ್ 28ರ ಬೆಳಿಗ್ಗೆ, ಉಗ್ರರು ನುಗ್ಗಿದ್ದ ಯಹೂದಿ ಕೇಂದ್ರ ನಾರಿಮನ್ ಹೌಸ್ ಮೇಲೆ ಹೆಲಿಕಾಪ್ಟರ್ ಬಂತು. ಕಮಾಂಡೊಗಳು ಹಗ್ಗ ಹಿಡಿದು ಒಬ್ಬೊಬ್ಬರಾಗಿ ತಾರಸಿಗೆ ಇಳಿದರು. ಒಳಗೆ ಬಂದೂಕು ಹಿಡಿದ ಉಗ್ರರು. ಇಳಿಯುವ ದೃಶ್ಯವೆಲ್ಲ ಮನೆಮನೆಯ ಟಿವಿಯಲ್ಲಿ! ಪಾಕಿಸ್ತಾನದಲ್ಲಿ ಕೂತು ಫೋನಿನಲ್ಲೇ ಉಗ್ರರನ್ನು ನಡೆಸುತ್ತಿದ್ದವರೂ ಟಿವಿ ನೋಡಿಕೊಂಡೇ ಸೂಚನೆ ಕೊಡುತ್ತಿದ್ದರು.

2012ರಲ್ಲಿ, ಆ ದಾಳಿಯಲ್ಲಿ ಜೀವಂತ ಸಿಕ್ಕಿಬಿದ್ದ ಉಗ್ರ ಕಸಬ್‌ನ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯಕ್ಕೆ ಚಾನೆಲ್‌ಗಳನ್ನು ತರಾಟೆಗೆ ತೆಗೆದುಕೊಂಡಿತು. ಇದರಿಂದಲೇ ಯೋಧರ ಜೀವ ಹೋಯಿತು ಎಂದು ಕೋರ್ಟ್ ಹೇಳಲಿಲ್ಲ. ಅವರ ಕೆಲಸ ಕಷ್ಟವಾಯಿತು, ಅಪಾಯ ಜಾಸ್ತಿಯಾಯಿತು ಎಂದಿತು. ನನಗಂತೂ ಅಷ್ಟೇ ಸಾಕು.

2015ರಲ್ಲಿ ಕೇಬಲ್ ಟಿವಿ ನಿಯಮವನ್ನೇ ತಿದ್ದಿದರು. ಕಾರ್ಯಾಚರಣೆ ಮುಗಿಯುವವರೆಗೆ ಲೈವ್ ಇಲ್ಲ. ಸರ್ಕಾರ ನೇಮಿಸಿದ ಅಧಿಕಾರಿ ಆಗಾಗ ಕೊಡುವ ಮಾಹಿತಿಯನ್ನಷ್ಟೇ ಹಾಕಬೇಕು. ಮುಗಿದ ಮೇಲೆ ಎಷ್ಟು ಬೇಕಾದರೂ ಪ್ರಶ್ನೆ ಕೇಳಲಿ, ಸರ್ಕಾರ ಎಲ್ಲಿ ಎಡವಿತು ಅನ್ನೋದನ್ನೂ ಕೆದಕಲಿ, ಅದು ಬೇಕೇ ಬೇಕು. ಅಂಥ ಜಾಗದಲ್ಲಿ ನೀವೇ ಇದ್ದರೂ ದಯವಿಟ್ಟು ಮೊಬೈಲಿನಲ್ಲಿ ಲೈವ್ ಹೋಗಬೇಡಿ.