ಗಜನಿ ಬಲ್ಲ ವಕೀಲರು

ಮಾನ್ಯ ಮಾಸ್ತರರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಕಾರವಾರದ ಹಿರಿಯ ವಕೀಲರೊಬ್ಬರ ಪರಿಚಯ ಲೇಖನ ತಮಗೆ ನೋವು ತಂದಿದೆ. “ನಲವತ್ತು ವರ್ಷ ಸರ್ಕಾರದ ಮತ್ತು ಕಂಪನಿಗಳ ಪರ ನಿಂತು, ಭೂಮಿ ಕಳೆದುಕೊಂಡವರನ್ನು ಕಟಕಟೆಯಲ್ಲಿ ಪ್ರಶ್ನಿಸಿದವರಿಗೆ ಮೂರು ಪುಟಗಳ ಗೌರವವೇ?” ಎಂದು ಅಂಕೋಲೆಯಿಂದ ಬರೆದಿದ್ದೀರಿ. ಧಾರವಾಡದಲ್ಲಿ ಕಾನೂನು ಓದುತ್ತಿರುವ ತಮ್ಮ ಮೊಮ್ಮಗಳು ಅದೇ ಲೇಖನ ಓದಿ ತಾನೂ ಆ ದಾರಿ ಹಿಡಿಯುತ್ತೇನೆ ಎನ್ನುತ್ತಿದ್ದಾಳೆ, ಅವಳಿಗೆ ಏನು ಹೇಳಲಿ ಎಂದೂ ಕೇಳಿದ್ದೀರಿ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆ ವಕೀಲರು ನನ್ನ ತಂದೆಯವರಿಗೇ ಪಾಟೀಸವಾಲು ಹಾಕಿದವರು. ಲೇಖನದ ಜೊತೆಯಲ್ಲೇ ಅದನ್ನು ತಿಳಿಸಬೇಕಿತ್ತು.

1990ರ ದಶಕದಲ್ಲಿ ಒಂದು ಯೋಜನೆಗೆ ನಮ್ಮ ಗಜನಿ ಭೂಮಿ ಹೋಯಿತು. ಗಜನಿ ಎಂದರೇನೆಂದು ತಮಗೆ ನಾನು ವಿವರಿಸಬೇಕಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ನದಿಯು ಸಮುದ್ರ ಸೇರುವಲ್ಲಿ ಉಪ್ಪುನೀರು ಏರಿ ಇಳಿಯುವ ತಗ್ಗು ಗದ್ದೆಗಳಿವು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಿನ ನಂತರ ಜಂತ್ರಡಿ (ಗದ್ದೆಯ ಒಡ್ಡಿನ ತೂಬಿನ ಬಾಗಿಲು) ಎತ್ತಿ ನೀರು ಬಿಟ್ಟರೆ ಮೀನು, ಸಿಗಡಿ. ಬೇಸಿಗೆಯಲ್ಲಿ ದೂರದಿಂದ ನೋಡಿದವನಿಗೆ ಅದು ಪಾಳು ನೆಲದಂತೆಯೇ ಕಾಣುತ್ತದೆ. ಭೂಸ್ವಾಧೀನದ ಐತೀರ್ಪಿನಲ್ಲಿ, ಅಂದರೆ ಪರಿಹಾರ ನಿಗದಿ ಮಾಡುವ ಅಧಿಕಾರಿಯ ಆದೇಶದಲ್ಲಿ, ನಮ್ಮ ಜಮೀನಿನ ಅರ್ಧ ಭಾಗವನ್ನು ‘ಬೀಳು’ ಎಂದೇ ಬರೆದಿದ್ದರು. ಪರಿಹಾರ ಸಾಲದೆಂದು ತಂದೆಯವರು 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನ ಅಡಿ ಅರ್ಜಿ ಹಾಕಿದರು; ವಿಷಯ ಸಿವಿಲ್ ನ್ಯಾಯಾಲಯಕ್ಕೆ ಬಂತು.

ಇಂಥ ಪ್ರಕರಣದಲ್ಲಿ ಬೆಲೆ ಹೆಚ್ಚಿತ್ತೆಂದು ರುಜುವಾತು ಮಾಡುವ ಹೊರೆ ಭೂಮಿ ಕಳೆದುಕೊಂಡವನ ಮೇಲೆಯೇ ಇರುತ್ತದೆ. ಸಾಕ್ಷಿಕಟ್ಟೆಯಲ್ಲಿ ನಿಂತ ತಂದೆಯವರ ಕೈ ನಡುಗುತ್ತಿದ್ದುದನ್ನು ಹಿಂದಿನ ಬೆಂಚಿನಿಂದ ನೋಡಿದ್ದೇನೆ. ‘ಜಮೀನು ಬೀಳು ಬಿದ್ದಿತ್ತು’ ಎಂಬ ಮಾತನ್ನು ಸರ್ಕಾರಿ ವಕೀಲರು ತಂದೆಯವರ ಮುಂದಿಟ್ಟು ಹೌದೋ ಅಲ್ಲವೋ ಎಂದು ಕೇಳಿಯೇ ಕೇಳುತ್ತಾರೆಂದು ನಮ್ಮ ವಕೀಲರು ಎಚ್ಚರಿಸಿದ್ದರು. ‘ಬೀಳು ಬಿದ್ದಿತ್ತು ಎಂದರೆ ಸರಿಯಲ್ಲ’ ಎಂಬ ಉತ್ತರವನ್ನು ಬಾಯಿಪಾಠ ಮಾಡಿಸಿದ್ದರು. ಆ ಪ್ರಶ್ನೆ ಬರಲೇ ಇಲ್ಲ. ಸರ್ಕಾರಿ ವಕೀಲರು ನೇರವಾಗಿ, ಬೆಲೆಯ ಪುರಾವೆಯಾಗಿ ನಾವು ಹಾಜರುಪಡಿಸಿದ್ದ ಬೇರೊಂದು ಜಾಗದ ಕ್ರಯಪತ್ರಕ್ಕೆ ಬಂದರು. ಎರಡು ಗುಂಟೆಯ ಆ ಜಾಗ ರಸ್ತೆಗೆ ತಾಗಿದ ಮನೆ ನಿವೇಶನವಲ್ಲವೇ? ನಿಮ್ಮ ಗದ್ದೆಗೆ ಗಾಡಿ ಹೋಗುವ ದಾರಿ ಇತ್ತೇ? ಮನೆ ಕಟ್ಟುವ ಎರಡು ಗುಂಟೆಯ ದರವನ್ನು ಒಂದೂವರೆ ಎಕರೆ ಗಜನಿಗೆ ಕೇಳುತ್ತಿದ್ದೀರಲ್ಲವೇ? ಮೂರಕ್ಕೂ ತಂದೆಯವರು ನಿಜವನ್ನೇ ಹೇಳಬೇಕಾಯಿತು. ಕೇಳಿದ್ದಷ್ಟು ಸಿಗಲಿಲ್ಲ, ಆದರೆ ಬೀಳೆಂದು ಬರೆದಿದ್ದ ಭಾಗಕ್ಕೂ ಗದ್ದೆಯ ದರ ಸಿಕ್ಕಿತು. ವಾರದವರೆಗೆ ಮನೆಯಲ್ಲಿ ಆ ವಕೀಲರ ಹೆಸರೆತ್ತುವ ಹಾಗಿರಲಿಲ್ಲ. ಕೊನೆಗೊಂದು ದಿನ ಊಟಕ್ಕೆ ಕುಳಿತಾಗ ತಂದೆಯವರೇ ಹೇಳಿದರು: “ಅವರಿಗೆ ಗಜನಿ ಗೊತ್ತು. ಸುಳ್ಳು ಕೇಳಲಿಲ್ಲ.”

ವಕೀಲನು ಕಕ್ಷಿದಾರನ ಬಾಯಿಯಾಗಿಬಿಡದೆ ತನ್ನ ವಿವೇಕ ಬಳಸಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ. ಕಕ್ಷಿದಾರ ಸರ್ಕಾರವಾದಾಗ ಆ ನಿಯಮ ಪಾಲಿಸುವುದು ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಕಕ್ಷಿದಾರನ ಮುಖವೇ ಕಾಣುವುದಿಲ್ಲ. ದಾವೆ ಹೂಡಿದಾಗಿನ ಅಧಿಕಾರಿ ಬೇರೆ, ಸಾಕ್ಷಿ ಹೇಳಲು ಬರುವವನು ಬೇರೆ, ತೀರ್ಪು ಬರುವಾಗ ಇರುವವನು ಇನ್ನೊಬ್ಬ. ಕಡತ ಒಂದು ಕಚೇರಿಯಲ್ಲಿ, ಅಳತೆಯ ನಕ್ಷೆ ಮತ್ತೊಂದರಲ್ಲಿ. ಎದುರಾಳಿಗೆ ಉತ್ತರ ಕೊಡುವುದಕ್ಕಿಂತ ತಮ್ಮವರಿಂದ ಕಾಗದ ತರಿಸುವುದರಲ್ಲೇ ಹೆಚ್ಚು ಸವೆದೆನೆಂದು ಆ ಹಿರಿಯರು ನನ್ನೊಡನೆ ಹೇಳಿದ್ದುಂಟು.

ಇನ್ನು ಮೇಲ್ಮನವಿಯ ವಿಷಯ. ಇದು ನನಗೆ ಬಹಳ ಮುಖ್ಯ. ಹಳೆಯ ಕಾಯ್ದೆಯಲ್ಲಿ ಹೆಚ್ಚಿಸಿದ ಪರಿಹಾರಕ್ಕೆ ಮೊದಲ ವರ್ಷ ಶೇಕಡಾ 9, ಆ ಮೇಲೆ ಪ್ರತಿ ವರ್ಷ ಶೇಕಡಾ 15 ಬಡ್ಡಿ. ಮೊದಲ ವರ್ಷ ಕಳೆದ ಮೇಲೆ ಹತ್ತು ಲಕ್ಷಕ್ಕೆ ಇನ್ನೊಂದು ವರ್ಷ ತಡವಾದರೆ ಒಂದೂವರೆ ಲಕ್ಷ ಸಾರ್ವಜನಿಕ ಬೊಕ್ಕಸದಿಂದ ಹೋಗುತ್ತದೆ. ಗೆಲ್ಲದ ಮೇಲ್ಮನವಿಯನ್ನು ಹೈಕೋರ್ಟಿನ ಧಾರವಾಡ ಪೀಠಕ್ಕೆ ಒಯ್ದು ವರ್ಷಗಟ್ಟಲೆ ಎಳೆದಾಗ ರೈತನೂ ಸೋಲುತ್ತಾನೆ, ಸರ್ಕಾರವೂ ಸೋಲುತ್ತದೆ. ಪರಿಹಾರ ಕೊಡದ್ದಕ್ಕೆ ಉಪವಿಭಾಗಾಧಿಕಾರಿಗಳ ಕಚೇರಿಯ ಕುರ್ಚಿ, ಕಂಪ್ಯೂಟರ್ ಜಪ್ತಿಯಾದ ಸುದ್ದಿಗಳನ್ನು ತಾವೂ ಓದಿರುತ್ತೀರಿ. ‘ಈ ತೀರ್ಪು ಸರಿಯಾಗಿದೆ, ಮೇಲ್ಮನವಿ ಬೇಡ’ ಎಂದು ಅಭಿಪ್ರಾಯ ಬರೆದುಕೊಡಲು ಸರ್ಕಾರಿ ವಕೀಲನಿಗೆ ಎದೆಗಾರಿಕೆ ಬೇಕು. ಶಾಮೀಲಾಗಿದ್ದಾನೆಂಬ ಅಪವಾದ ಕೂಡಲೇ ಬರುತ್ತದೆ. ನಮ್ಮ ಪ್ರಕರಣದಲ್ಲಿ ಮೇಲ್ಮನವಿ ಹೋಗಲಿಲ್ಲ. ಆ ಹಣದಲ್ಲೇ ನನ್ನ ತಂಗಿಯ ಮದುವೆಯಾಯಿತು.

ಕಂಪನಿಗಳ ಪರ ವಕಾಲತ್ತಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಡಿಕ್ಕಿಯನ್ನೇ ಹೊಡೆಯದ ವಾಹನವನ್ನು, ಅದಕ್ಕೆ ವಿಮೆಯಿದೆ ಎಂಬ ಒಂದೇ ಕಾರಣಕ್ಕೆ ತಂದು ನಿಲ್ಲಿಸುವವರಿದ್ದಾರೆ. ಅದನ್ನು ಬಯಲಿಗೆಳೆಯಲು ವಿಮಾ ಕಂಪನಿಗೂ ಒಳ್ಳೆಯ ವಕೀಲ ಬೇಕು. ಅದೇ ವಕೀಲ ನಿಜವಾದ ವಿಧವೆಯೊಬ್ಬಳನ್ನು ವಾಯಿದೆಯ ಮೇಲೆ ವಾಯಿದೆ ಕೇಳಿ ಅಲೆಸಿದರೆ ಅವನನ್ನು ನಾನು ಸಮರ್ಥಿಸುವುದಿಲ್ಲ.

ತಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಎರಡು ಕಡೆಯ ಬಲ ಸಮನಲ್ಲ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಜಾಗ ಕೊಟ್ಟವರು ಪರಿಹಾರ ಒಪ್ಪದಿದ್ದರೆ ಕೇಂದ್ರ ಸರ್ಕಾರವೇ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕೆಂಬ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಇರುವುದು, ಅಷ್ಟರಲ್ಲಿ ಕಚೇರಿಯೇ ತಪ್ಪು ತಿದ್ದಿಕೊಳ್ಳಲಿ ಎಂದು. ಆದರೆ ಆ ನೋಟಿಸುಗಳಿಗೆ ಉತ್ತರವನ್ನೇ ಕೊಡುವುದಿಲ್ಲವೆಂದು 2005ರಲ್ಲಿ ಸುಪ್ರೀಂ ಕೋರ್ಟೇ ಬೇಸರಪಟ್ಟಿತು. ನಮ್ಮ ಲೇಖನದಲ್ಲಿ ಈ ಮಾತು ಒಂದು ಸಾಲೂ ಇರಲಿಲ್ಲ; ಇರಬೇಕಿತ್ತು.

ಮೊಮ್ಮಗಳನ್ನು ತಡೆಯಬೇಡಿ, ಮಾಸ್ತರರೇ. ಸರ್ಕಾರಿ ವಕೀಲರ ಮೇಜಿನ ಹಿಂದೆ ಯಾರಾದರೊಬ್ಬರು ಕೂರಲೇಬೇಕು. ಕಗ್ಗ ಭತ್ತದ ಗಂಜಿ ಉಂಡ ಹುಡುಗಿ ಕೂತರೆ ಒಳ್ಳೆಯದೆಂದು ನನಗನಿಸುತ್ತದೆ. ಆದರೆ ಮೊದಲ ಐದು ವರ್ಷ ಭೂಮಿ ಕಳೆದುಕೊಂಡವರ ಪರ ಕೆಲಸ ಮಾಡಲಿ. ಒಂದು ಮನೆಯವರು ಹಳೆಯ ಪಹಣಿಗಾಗಿ ಎಷ್ಟು ಅಲೆಯಬೇಕೆಂಬುದನ್ನು ಅವರ ಜೊತೆಗೆ ಅಲೆದೇ ತಿಳಿಯಲಿ. ತಂದೆಯವರ ಪಾಟೀಸವಾಲಿನ ದೃಢೀಕೃತ ನಕಲು ನನ್ನ ಬಳಿ ಇದೆ, ನಾಲ್ಕು ಪುಟ. ರಜೆಗೆ ಊರಿಗೆ ಬಂದಾಗ ಅವಳನ್ನು ಕಚೇರಿಗೆ ಕಳುಹಿಸಿ, ಓದಲು ಕೊಡುತ್ತೇನೆ. ತಾವೂ ಜೊತೆಗೆ ಬಂದರೆ ನನಗೆ ಸಂತೋಷ.

— ಸಂಪಾದಕ